ಅಳತೆಯ ಪ್ಯಾನೆಲ್‌ನಲ್ಲಿ ಉದ್ದ ಮೊದಲು

ಶಹಾಪುರದಲ್ಲಿ ಮನೆಯಲ್ಲೇ ಕುಳಿತು ಕಲಿತು, ಅಂಗಡಿಗಳಿಗೆ ಕಂಪ್ಯೂಟರ್ ಪ್ರೋಗ್ರಾಂ ಬರೆದುಕೊಡುವವನು ನಾನು. ಸುರಪುರದಲ್ಲಿ ನನಗೆ ಸಿಕ್ಕ ಮೊದಲ ಗಿರಾಕಿ ಒಬ್ಬ ಟೇಲರ್ ಮಾಸ್ಟರ್. ಇವರು ಒಪ್ಪಿದರೆ ಅದೇ ಸಾಲಿನ ಉಳಿದ ಅಂಗಡಿಗಳೂ ಒಪ್ಪುತ್ತವೆ. ಇವರು ಬೇಡವೆಂದರೆ ಆ ಊರಲ್ಲಿ ನನ್ನನ್ನು ಯಾರೂ ಕೂರಿಸಿಕೊಳ್ಳುವುದಿಲ್ಲ.

ಅವರ ಅಂಗಡಿಗೆ ಬರುವವರ ಹೆಸರು, ಬಟ್ಟೆ ಕೊಡುವ ತಾರೀಖು ಇರುವ ವಿಂಡೋ ಮೊದಲೇ ಸಿದ್ಧವಿತ್ತು. ಅದರಲ್ಲೇ ಎಲ್ಲ ತುರುಕುವುದು ಬೇಡವೆಂದು, ಬ್ಲೌಸಿನ ಅಳತೆಯ ಖಾನೆಗಳಿಗೆ ಬೇರೆಯೇ ಪ್ಯಾನೆಲ್ ಬರೆದು, ಒಂದು ಸಾಲಿನ ಕೋಡಿನಿಂದ ವಿಂಡೋದ ಬಲಕ್ಕೆ ಕೂಡಿಸಿದೆ. ಭುಜ, ಎದೆ, ಸೊಂಟ, ತೋಳು, ಕೊನೆಗೆ ಉದ್ದ. ನೋಡಲು ಅಚ್ಚುಕಟ್ಟಾಗಿತ್ತು.

ಮರುದಿನವೇ ಮಾಸ್ಟರ್ ಕರೆಸಿದರು.

“ಎದಿ ಹದಿನಾಲ್ಕು, ತೋಳು ಮೂವತ್ತಂತ. ಆನಿಗಿ ಹೊಲೀಬೇಕೇನ್ರಿ ನಾ? ಇವತ್ತ ಸರಿ ಆಗ್ಲಿಲ್ಲಂದ್ರ ತಗೊಂಡು ಹೋಗ್ರಿ ಇದನ್ನ.”

ಅಳತೆ ಬರೆದುಕೊಳ್ಳುವವರು ಅವರ ಹೆಂಡತಿ, ನಾನು ಭಾಬಿ ಎಂದು ಕರೆಯುತ್ತಿದ್ದೆ. ಒತ್ತಿದ್ದು ತಪ್ಪಾಗಿರಬೇಕು ಎಂದು ನಾಲಿಗೆಯ ತುದಿಗೆ ಬಂದಿತ್ತು, ನುಂಗಿಕೊಂಡೆ. ಗಿರಾಕಿಯೊಂದಿಗೆ ವಾದಿಸಬೇಡಿ, ಅವರು ಕೆಲಸ ಮಾಡುವುದನ್ನು ನೋಡಿ. ಇದು ಈ ಕೆಲಸಕ್ಕೆ ಬರುವ ಎಲ್ಲರಿಗೂ ನಾನು ಹೇಳುವ ಮಾತು.

ಅಷ್ಟರಲ್ಲಿ ಒಬ್ಬ ಹೆಣ್ಣುಮಗಳು ಬಂದಳು. ಮಾಸ್ಟರ್ ಟೇಪು ಹಿಡಿದವರೇ “ಉದ್ದ ಹದಿನಾಲ್ಕು, ಭುಜ ಹದಿನಾಲ್ಕು” ಎಂದು ಕೂಗತೊಡಗಿದರು. ಭಾಬಿ ಪರದೆ ನೋಡದೆಯೇ ಅಂಕಿ ಒತ್ತಿ, ಟ್ಯಾಬ್ ಕೀಲಿ ಒತ್ತಿ, ಮುಂದಿನ ಖಾನೆಗೆ ಹೋಗುತ್ತಿದ್ದರು. ಉದ್ದ ಭುಜದ ಖಾನೆಯಲ್ಲಿ, ಭುಜ ಎದೆಯ ಖಾನೆಯಲ್ಲಿ ಕೂತಿತ್ತು.

“ಉದ್ದ ಮೊದ್ಲ ಯಾಕ್ರಿ ಮಾಸ್ಟರ್?” ಎಂದು ಕೇಳಿದೆ.

“ತಂದ ಅರಿವಿ ಸಾಕಾಗ್ತದೋ ಇಲ್ಲೋ ಮೊದ್ಲ ಗೊತ್ತಾಗಬೇಕಲ್ಲ. ನಮ್ಮ ಅಬ್ಬಾನೂ ಹಿಂಗೇ ಕೂಗ್ತಿದ್ರು.”

“ಇವರ ಬಾಯಿ ನಿಲ್ಲಂಗಿಲ್ಲ,” ಎಂದರು ಭಾಬಿ. “ನಾ ಪರದಿ ನೋಡ್ಲ್ಯೋ, ಅಂಕಿ ಒತ್ಲ್ಯೋ?”

ತಪ್ಪು ನನ್ನದೇ. ಖಾನೆಗಳನ್ನು ಯಾವ ಕ್ರಮದಲ್ಲಿ ಪ್ಯಾನೆಲ್‌ಗೆ ಸೇರಿಸುತ್ತೇವೋ ಟ್ಯಾಬ್ ಅದೇ ಕ್ರಮದಲ್ಲಿ ನಡೆಯುತ್ತದೆ. ಪ್ಯಾನೆಲ್ ಬೇರೆಯಾಗಿದ್ದುದರಿಂದ ಉಳಿದ ವಿಂಡೋ ಮುಟ್ಟಬೇಕಾಗಲಿಲ್ಲ. ಕೋಡಿನಲ್ಲಿ ಉದ್ದದ ಸಾಲನ್ನು ಎತ್ತಿ ಎಲ್ಲಕ್ಕಿಂತ ಮೇಲಿಟ್ಟೆ, ಚಹಾ ಬರುವುದರೊಳಗೆ ಮುಗಿಯಿತು.

“ಇಷ್ಟ ಸರಳ ಇದ್ರ ಕುತ್ತಿಗಿಗೂ ಒಂದು ಖಾನೆ ಹಾಕ್ರಿ. ಪುಕಟ,” ಎಂದರು ಮಾಸ್ಟರ್.

“ಹಾಕ್ತೀನ್ರಿ. ಬಾಜೂ ಅಂಗಡಿಯವರಿಗೆ ನೀವೇ ತೋರಿಸ್ಬೇಕು.”

ಮಾಸ್ಟರ್ ನಕ್ಕು, ಆ ಹೆಣ್ಣುಮಗಳ ಅಳತೆಯನ್ನು ಮತ್ತೊಮ್ಮೆ ಕೂಗಿದರು. ಭಾಬಿ ತಲೆ ಎತ್ತಲಿಲ್ಲ. ಎಲ್ಲ ಅಂಕಿಗಳೂ ತಮ್ಮ ತಮ್ಮ ಖಾನೆಯಲ್ಲಿ ಕೂತವು. ಮಾಸ್ಟರ್ ಪರದೆ ನೋಡಿಕೊಂಡೇ ಬಟ್ಟೆ ಕತ್ತರಿಸಿದರು.

ಸಂಜೆಯೊಳಗೆ ಬಾಜೂ ಅಂಗಡಿಯ ಪ್ಯಾಂಟ್ ಹೊಲಿಯುವವರು ಬಂದು, “ನಮಗೆಷ್ಟಕ್ಕ ಮಾಡ್ತೀರಿ?” ಎಂದು ಕೇಳಿದರು. ನಾನು ದರ ಹೇಳಲಿಲ್ಲ.

“ನಾಳಿ ನಿಮ್ಮ ಅಂಗಡ್ಯಾಗ ಒಂದು ಸ್ಟೂಲ್ ಹಾಕ್ರಿ. ನೀವು ಹೆಂಗ ಅಳೀತೀರಿ ನೋಡಿ ಹೇಳ್ತೀನಿ.”