ಮುಖದ ಜಾಗದಲ್ಲಿ ಹಿತ್ತಿಲ ಬಾಗಿಲು

ಕ್ಯಾತನಹಳ್ಳಿಯ ನಮ್ಮ ಮನೆಯಲ್ಲಿ ಐದೂವರೆಗೆ ಹಿತ್ತಿಲ ಬಾಗಿಲು ತೆರೆಯಬೇಕು, ಆರಕ್ಕೆ ಕಾಫಿ. ಶಾಲೆಯಲ್ಲಿ ಡ್ರಿಲ್ ಮಾಡಿಸಿದ ನನಗೆ ಅದೇ ಸರಿ. ಹೋದ ವರ್ಷ ಒಂದು ಬೆಳಗ್ಗೆ ಹಸುವಿಗೆ ಸೋಗೆ ತರಲು ಆ ಬಾಗಿಲಿನಿಂದ ಹೋದ ಹೆಂಡತಿ ಕಬ್ಬಿನ ಗದ್ದೆಯಲ್ಲಿ ಹಾವು ಕಚ್ಚಿ ಸತ್ತಳು. ಆರು ದಾಟಿದರೂ ಬಾಗಿಲು ಅರ್ಧ ತೆರೆದೇ ಇತ್ತು.

ಅವಳು ಫೋಟೊಗೆ ನಿಂತವಳಲ್ಲ. ಉಳಿದದ್ದು ಆಧಾರ್ ಕಾರ್ಡಿನದೊಂದೇ. ಅದರಲ್ಲಿ ಯಾರೋ ಗದರಿಸಿ ಕೂರಿಸಿದ ಹೆಂಗಸಿನಂತಿದ್ದಾಳೆ. ತಿಂಗಳುಗಳು ಕಳೆದಂತೆ ಅವಳ ಮುಖ ನನ್ನ ನೆನಪಿನಿಂದ ಜಾರತೊಡಗಿತು. ತೀರಿಹೋದವರಿಗೆ ಎಡೆ ಇಡುವ ಪಕ್ಷದ ಹಬ್ಬ ಹತ್ತಿರವಾದಾಗ, ಚಿತ್ರಕಲೆ ಓದಿದ ಮಗಳಿಗೆ, ‘ಅಮ್ಮನ ಮುಖ ಬರೆದುಕೊಡು’ ಎಂದೆ. ನನಗೆ ಬೇಕಾದದ್ದು ಅಷ್ಟೇ.

ಹಬ್ಬದ ದಿನ ಮಗಳು ಚಿತ್ರ ತಂದು ಗೋಡೆಗೆ ಒರಗಿಸಿದಳು. ಹಸಿರು ಸೀರೆ, ಒಲೆಯ ಮುಂದೆ ಕೂರುವ ಭಂಗಿ, ಸವೆದ ಬಳೆ, ಎಲ್ಲವೂ ಅವಳದೇ. ಕುತ್ತಿಗೆಯ ಮೇಲೆ ಮಾತ್ರ ಅರ್ಧ ತೆರೆದ ನಮ್ಮ ಹಿತ್ತಿಲ ಬಾಗಿಲು. ಅದರಾಚೆ ಕಬ್ಬು.

“ಇದು ಸರ್ರಿಯಲಿಸಂ ಅಪ್ಪ. ಕನಸಲ್ಲಿ ಕಂಡಂಗೆ ಬರೆಯೋದು. ಎಷ್ಟು ಸಲ ಬರುದ್ರೂ ಅಮ್ಮ ಇಂಗೇ ಬತ್ತಾಳೆ.”

ನನ್ನ ಅಕ್ಕ ಸೊಂಟಕ್ಕೆ ಕೈ ಕೊಟ್ಟು ನಿಂತಳು. “ಏನ್ಲಾ ಇದು? ಬಾಯೇ ಇಲ್ದೋಳು ಉಣ್ಣೋದು ಎಂಗ್ಲಾ?”

“ಮತ್ತೆ ಆ ಕಾರ್ಡು ಮಡಗವಾ ಅತ್ತೆ?”

“ಬ್ಯಾಡ ಬುಡೇ. ಆ ಮೂತಿ ಕಂಡ್ರೆ ಬಂದೋಳು ಅಂಗೇ ವಾಪಸ್ ಓಯ್ತಾಳೆ.”

ಮೂವರಿಗೂ ನಗು ಬಂತು, ತಡೆಯಲಾಗಲಿಲ್ಲ. ಚಿತ್ರದ ಮುಂದೆಯೇ ಹೊಸ ಸೀರೆ, ಮುದ್ದೆ, ಕೋಳಿ ಸಾರು, ಎಲೆ ಅಡಿಕೆ ಇಟ್ಟೆವು. ತೀರಿದವರು ಉಣ್ಣುವಾಗ ಯಾರೂ ನೋಡುವಂತಿಲ್ಲ. ಕೋಣೆಯ ಕದ ಹಾಕಿ ಜಗಲಿಯಲ್ಲಿ ಕೂತೆವು. ಕಣ್ಣು ಮುಚ್ಚಿ ಅವಳ ಮೂಗು, ಹಣೆ, ನಗುವಾಗಿನ ಕೆನ್ನೆ ಎಂದು ಒಂದೊಂದಾಗಿ ನೆನೆಯಲು ನೋಡಿದೆ. ಪ್ರತಿ ಸಲವೂ ಆ ಬಾಗಿಲೇ ಬಂತು.

“ಕೆಮ್ಬುಟ್ಟು ತೆಗಿ ಕಣ್ಲಾ,” ಅಕ್ಕ ಪಿಸುಗುಟ್ಟಿದಳು. “ಇನ್ನೂ ಉಣ್ತಾ ಕುಂತಿದ್ರೆ ಎದ್ದೋಗ್ಲಿ.”

ಕೆಮ್ಮಿ ಕದ ತೆಗೆದೆ. ಎಡೆ ಇಟ್ಟಂತೆಯೇ ಇತ್ತು. ಸಾರಿನ ಮೇಲೆ ಕೊಬ್ಬು ಹೆಪ್ಪುಗಟ್ಟಿತ್ತು.

ಮಾರನೆಯ ಬೆಳಗ್ಗೆ ಐದೂವರೆಗೆ ಹಿತ್ತಿಲ ಬಾಗಿಲ ಮುಂದೆ ನಿಂತೆ. ನನಗೇ ತಿಳಿಯದಂತೆ ಕೆಮ್ಮಿದೆ. ಚಿಲಕಕ್ಕೆ ಕೈ ಹೋಯಿತು, ಅವಳು ಎದ್ದುಹೋದಾಳೆಂದು ತೆಗೆಯಲಾಗಲಿಲ್ಲ.

ಈಗ ಹಸುವಿನ ಬಳಿಗೆ ಮುಂಬಾಗಿಲಿನಿಂದ ಸುತ್ತಿ ಹೋಗುತ್ತೇನೆ. ಕಾಫಿ ತಡವಾಗುತ್ತದೆ.