ಹತ್ತು ಸೆಕೆಂಡಿನ ನಾಯಿ

ನನ್ನ ಭಾವ ಗಡಿಯಾರ ರಿಪೇರಿ ಮಾಡುವವರು. ಮನೆಯ ಮುಂದಿನ ಕೋಣೆಯೇ ಅಂಗಡಿ. ಮೂವತ್ತೆಂಟು ವರ್ಷದಿಂದ ಅದೇ ಮೇಜು, ಅದೇ ಸ್ಟೂಲು, ಕಣ್ಣಿಗೆ ಸಿಕ್ಕಿಸಿಕೊಳ್ಳುವ ಅದೇ ಭೂತಗನ್ನಡಿ. ಮನುಷ್ಯ ಒಳ್ಳೆಯವರು, ಆದರೆ ಅವರ ಜೊತೆ ಏಗುವುದು ಸುಲಭವಲ್ಲ. ಏಳೂವರೆಗೆ ತಿಂಡಿ ಎಂದರೆ ಏಳೂವರೆ. ಎರಡು ನಿಮಿಷ ತಡವಾದರೆ ಬಾಯಿ ಬಿಟ್ಟು ಏನೂ ಹೇಳುವುದಿಲ್ಲ, ಗೋಡೆ ಗಡಿಯಾರದ ಕಡೆ ಒಮ್ಮೆ ನೋಡುತ್ತಾರೆ. ಅದಕ್ಕಿಂತ ನಾಲ್ಕು ಬೈದಿದ್ದರೇ ವಾಸಿ ಎಂದು ಅಕ್ಕ ಎಷ್ಟೋ ಸಲ ನನ್ನ ಹತ್ತಿರ ಗೋಳು ಹೇಳಿಕೊಂಡಿದ್ದಾಳೆ.

ನಾನು ಇದಕ್ಕೆ ಪೂರ್ತಿ ಉಲ್ಟಾ. ಔಷಧಿ ಅಂಗಡಿಯಲ್ಲಿ ಕೆಲಸ, ಎರಡು ಬೀದಿ ಆಚೆ ಮನೆ, ಯಾವತ್ತೂ ಹೇಳಿದ ಹೊತ್ತಿಗೆ ಹೋದವಳಲ್ಲ. ಬಾಗಿಲಲ್ಲಿ ಕಾಲಿಟ್ಟ ಕೂಡಲೇ, "ಬಂದ್ಯಾ? ಇಪ್ಪತ್ತೆರಡು ನಿಮಿಷ ಲೇಟು" ಎನ್ನುತ್ತಾರೆ. "ನಾನೇನು ರೈಲಾ ಭಾವ?" ಎಂದು ನಾನೂ ಬಿಡುವುದಿಲ್ಲ.

ಇಂಥವರ ಮನೆಗೆ ಅಕ್ಕ ಒಂದು ನಾಯಿಮರಿ ತಂದಳು. ಕೂತಲ್ಲಿ ಕೂರದ, ನಿಂತಲ್ಲಿ ನಿಲ್ಲದ ಮರಿ. ಸ್ಪ್ರಿಂಗು ಎಂದು ಹೆಸರಿಟ್ಟವರು ಭಾವನೇ. ಅದರ ಬಾಲ ಮೇಜಿಗೆ ಬಡಿದು ಎಳ್ಳುಕಾಳಿನಷ್ಟು ಸಣ್ಣ ಸ್ಕ್ರೂಗಳು ನೆಲಕ್ಕೆ ಚೆಲ್ಲಿದರೆ, ಭಾವ ಮಂಡಿಯೂರಿ ಅಯಸ್ಕಾಂತ ಹಿಡಿದು ಹುಡುಕುತ್ತಿದ್ದರು. ನನಗೆ ಇಪ್ಪತ್ತೆರಡು ನಿಮಿಷ ಲೆಕ್ಕ ಹಾಕುವವರು ಅದಕ್ಕೆ ಒಂದು ಮಾತೂ ಅನ್ನುತ್ತಿರಲಿಲ್ಲ. ನನಗೆ ಹೊಟ್ಟೆಕಿಚ್ಚು ಆಗುತ್ತಿತ್ತು, ಸುಳ್ಳು ಯಾಕೆ ಹೇಳಲಿ.

ಎರಡು ವರ್ಷದ ನಾಯಿಯಾದ ಮೇಲೆ ಆ ಕುಣಿತವೇ ಅನಾಹುತ ಮಾಡಿತು. ಅಕ್ಕ ತರಕಾರಿ ಚೀಲ ಹಿಡಿದು ಒಳಗೆ ಬಂದಳು. ಸ್ಪ್ರಿಂಗು ಎಂದಿನಂತೆ ಖುಷಿಗೆ ಹಾರಿ ಎದೆಗೆ ಎರಡೂ ಮುಂಗಾಲು ಊರಿತು. ಅಕ್ಕ ಹೊಸ್ತಿಲ ಮೇಲೆ ಬಿದ್ದಳು. ಸೊಂಟದ ಮೂಳೆ ಮುರಿಯಿತು. ಅವತ್ತು ಭಾವ ಮೊದಲ ಸಲ ಪೇಪರು ಸುತ್ತಿ ನಾಯಿಗೆ ಹೊಡೆದರು. ಅದು ಬಾಲ ಅಲ್ಲಾಡಿಸುತ್ತಾ ಮತ್ತೆ ಅವರ ಹತ್ತಿರವೇ ಹೋಯಿತಂತೆ. ಆಪರೇಷನ್ ಕೋಣೆಯ ಹೊರಗೆ ಕೂತು ಅದನ್ನು ನನಗೆ ಹೇಳುವಾಗ ಅವರ ಮುಖ ನೋಡಲು ಆಗುತ್ತಿರಲಿಲ್ಲ.

ಆಪರೇಷನ್ ಆಯಿತು. ಆರು ವಾರ ಅಕ್ಕ ಮಗಳ ಮನೆಯಲ್ಲಿ ಇರುವುದು, ಆಮೇಲೆ ವಾಕರ್ ಹಿಡಿದು ತನ್ನ ಮನೆಗೆ ಬರುವುದು ಎಂದು ತೀರ್ಮಾನ. ಮಗಳು ಖಡಾಖಂಡಿತವಾಗಿ ಹೇಳಿಬಿಟ್ಟಳು: "ಅಪ್ಪಾ, ಅಮ್ಮ ಬರೋ ದಿನ ಆ ನಾಯಿ ಹಾರಿದ್ರೆ ಅವತ್ತೇ ಅದನ್ನ ಕಳಿಸಿಬಿಡ್ತೀನಿ. ತೋಟದ ಮನೆಯವರೊಬ್ಬರು ಕೇಳ್ತಿದ್ದಾರೆ. ಇನ್ನೊಂದ್ಸಲ ಬಿದ್ರೆ ಅಮ್ಮ ಏಳಲ್ಲ."

"ನೀನೂ ಚಿಕ್ಕವಳಿದ್ದಾಗ ಹೀಗೇ ಕುಣೀತಿದ್ದೆ ಕಣೇ. ನಿನ್ನನ್ನ ಯಾರೂ ತೋಟಕ್ಕೆ ಕಳಿಸಿರಲಿಲ್ಲ" ಎಂದು ನಾನು ರೇಗಿದೆ. ಆದರೆ ಅವಳು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಅಕ್ಕನೋ, ದಿನಾ ಫೋನಿನಲ್ಲಿ ಗಂಡನಿಗಿಂತ ಮೊದಲು ನಾಯಿಯ ಊಟ ವಿಚಾರಿಸುತ್ತಿದ್ದಳು.

ಭಾವ ನಾಯಿ ಡಾಕ್ಟರಮ್ಮನ ಹತ್ತಿರ ಹೋದರು. ಆಕೆ ಒಂದು ಡಬ್ಬಿ ಕೊಟ್ಟರು. ರಿಮೋಟ್ ಒತ್ತಿದರೆ ಡಬ್ಬಿ 'ಪೀಂ' ಎನ್ನುತ್ತದೆ, ಒಂದು ಸಣ್ಣ ಬಿಸ್ಕತ್ತು ಕೆಳಗಿನ ತಟ್ಟೆಗೆ ಬೀಳುತ್ತದೆ. "ಡಬ್ಬಿನ ಬಾಗಿಲಿಂದ ದೂರದ ಮೂಲೇಲಿ ಇಡಿ, ಪಕ್ಕದಲ್ಲೊಂದು ಚಾಪೆ ಹಾಕಿ. ಬೆಲ್ ಆದಾಗ ಅದು ಚಾಪೆ ಮೇಲೆ ಹೋಗಿ ಕೂತ್ರೆ ಒತ್ತಿ. ಹಾರಿದ್ರೆ ಬೈಬೇಡಿ, ಹೊಡೀಬೇಡಿ, ಏನೂ ಕೊಡಬೇಡಿ. ಯಾವುದಕ್ಕೆ ತಿಂಡಿ ಸಿಗುತ್ತೋ ಅದನ್ನೇ ಮಾಡುತ್ತೆ" ಎಂದರಂತೆ. ತಿಂಡಿ ಬಾಗಿಲಲ್ಲಿರುವವರ ಕೈಯಿಂದ ಬರದೆ ಮೂಲೆಯಿಂದ ಬಂದರೆ, ನಾಯಿಗೆ ಬಾಗಿಲಿಗೆ ಓಡುವ ಕೆಲಸವೇ ಇರುವುದಿಲ್ಲ ಎಂಬುದು ಇದರ ಉಪಾಯ.

ಬೆಲ್ ಒತ್ತಿ ಬರುವ ಅಕ್ಕನ ಪಾತ್ರ ನನಗೆ. ಪಕ್ಕದ ಮನೆಯ ಅಜ್ಜಿಯ ವಾಕರ್ ಎರವಲು ತಂದು, ದಿನಾ ಸಂಜೆ ಅದನ್ನು ಟಕ್ ಟಕ್ ಎನ್ನಿಸುತ್ತಾ ಒಳಗೆ ಬರುತ್ತಿದ್ದೆ. ಬೀದಿಯವರೆಲ್ಲ ನನ್ನ ಸೊಂಟಕ್ಕೂ ಏನೋ ಆಗಿದೆ ಎಂದುಕೊಂಡರು. ಭಾವ ಸ್ಟೂಲಿನ ಮೇಲೆ ಕೂತು, ಒಂದು ಕೈಯಲ್ಲಿ ರಿಮೋಟ್, ಇನ್ನೊಂದರಲ್ಲಿ ಸ್ಟಾಪ್‌ವಾಚ್ ಹಿಡಿಯುತ್ತಿದ್ದರು. ಮೂರೇ ದಿನದಲ್ಲಿ ಸ್ಪ್ರಿಂಗು ಬೆಲ್ ಕೇಳಿದ ಕೂಡಲೇ ಚಾಪೆಗೆ ಓಡತೊಡಗಿತು. ಎರಡು ವಾರದಲ್ಲಿ ಕಲ್ಲಿನ ಹಾಗೆ ಕೂರಲು ಕಲಿಯಿತು. ಭಾವ ಮಗಳಿಗೆ ಫೋನ್ ಮಾಡಿ ಜಂಬ ಕೊಚ್ಚಿಕೊಂಡರು.

ಮೂರನೇ ವಾರ ಒಂದು ಸಂಜೆ ಬೆಲ್ ಒತ್ತಿದ ಮೇಲೆ ನನಗೆ ಚಪ್ಪಲಿ ಬಿಚ್ಚುವುದು ತಡವಾಯಿತು. ವಾಕರ್ ಹಿಡಿದು ಎರಡು ಹೆಜ್ಜೆ ಇಟ್ಟಿದ್ದೆ, ಅಷ್ಟೇ. ನಾಯಿ ಚಾಪೆಯಿಂದ ಎದ್ದು ಬಂದು ನನ್ನ ಮೇಲೆ ಹಾರಿತು. ನಾನು, ವಾಕರ್, ನಾಯಿ ಮೂವರೂ ನೆಲದ ಮೇಲೆ!

"ಅಯ್ಯೋ ನನ್ನ ಮೊಣಕೈ!" ಎಂದು ನಾನು ಕೂಗಿದರೆ ಭಾವ, "ಹತ್ತು ಸೆಕೆಂಡ್ ಆಗೋಗಿತ್ತು! ನೀನು ಬೇಗ ಬರಬೇಕಿತ್ತು!" ಎಂದು ನನಗೇ ಗದರಿದರು.

"ಹತ್ತು ಸೆಕೆಂಡಾ? ಅದ್ಯಾವ ಲೆಕ್ಕ?"

"ದಿನಾ ಸರಿಯಾಗಿ ಹತ್ತು ಸೆಕೆಂಡಿಗೆ ಒತ್ತುತಿದ್ದೆ. ಇವತ್ತು ನೀನು ಒಳಗೆ ಬಂದ ಮೇಲೆ ಒತ್ತೋಣ ಅಂತ ಕಾದು ತಡ ಆಯ್ತು."

ನನಗೆ ನಗು ಬಂತು, ಜೊತೆಗೆ ಮೈಯೆಲ್ಲ ಉರಿಯಿತು. ಬೇರೆ ಯಾರಾದರೂ ಆಗಿದ್ದರೆ ಒಮ್ಮೆ ಐದಕ್ಕೆ, ಒಮ್ಮೆ ಹನ್ನೆರಡಕ್ಕೆ ಒತ್ತಿರುತ್ತಿದ್ದರು. ಈ ಮಹಾರಾಯರು ನಾಯಿಗೆ ಕೂರುವುದನ್ನು ಕಲಿಸಿರಲಿಲ್ಲ, ಹತ್ತು ಸೆಕೆಂಡು ಕಲಿಸಿದ್ದರು. ಹತ್ತಾದ ಕೂಡಲೇ ಪಾಠ ಮುಗಿಯಿತು ಎಂದು ಅದು ಎದ್ದು ಬರುತ್ತಿತ್ತು. ಬಾಗಿಲಿಂದ ಕುರ್ಚಿಗೆ ಬರಲು ಅಕ್ಕನಿಗೆ ಹತ್ತು ಸೆಕೆಂಡು ಯಾವ ಮೂಲೆಗೆ ಸಾಲುತ್ತದೆ?

ಡಾಕ್ಟರಮ್ಮ ಫೋನಿನಲ್ಲೇ ನಕ್ಕುಬಿಟ್ಟರು. "ಅದಕ್ಕೆ ಲೆಕ್ಕ ಸಿಗಬಾರದು ಸಾರ್. ಒಂದ್ಸಲ ಮೂರು, ಒಂದ್ಸಲ ಮೂವತ್ತು. ಈಗ ಬರುತ್ತೆ, ಈಗ ಬರುತ್ತೆ ಅಂತ ಕೂತಿರಬೇಕು." ಮಾರನೆಯ ದಿನ ನೋಡುತ್ತೇನೆ, ಭಾವ ಲೆಕ್ಕವಿಲ್ಲದ ಹೊತ್ತುಗಳ ಪಟ್ಟಿ ಬರೆದುಕೊಂಡು ಕೂತಿದ್ದಾರೆ. ಏಳು, ಇಪ್ಪತ್ತೊಂದು, ನಾಲ್ಕು, ಮೂವತ್ತು. ಪಟ್ಟಿ ಮುಗಿದರೆ ಮತ್ತೆ ಮೊದಲಿಂದ. ನಾನು ಹಣೆ ಚಚ್ಚಿಕೊಂಡೆ. ಅವರು ಪಾಪ ಪ್ರಯತ್ನಪಟ್ಟರು. ಬೇಕಾಬಿಟ್ಟಿ ಒತ್ತಲು ಹೋದರೆ ಬೆರಳೇ ಏಳುತ್ತಿರಲಿಲ್ಲ. ಕೊನೆಗೆ ರಿಮೋಟ್ ನನ್ನ ಕೈಗಿಟ್ಟು, "ತಗೋ. ಹೊತ್ತುಗೊತ್ತಿಲ್ಲದವಳು ನೀನೇ ಒತ್ತು" ಎಂದು ತಾವೇ ವಾಕರ್ ಹಿಡಿದು ಹೊರಗೆ ಹೋದರು.

ಉಳಿದ ಮೂರು ವಾರ ಹಾಗೇ ನಡೆಯಿತು. ನಾನು ಮನಸ್ಸು ಬಂದಾಗ ಒತ್ತಿದೆ, ಆಕಳಿಸಿ ಒತ್ತಿದೆ, ಫೋನಿನಲ್ಲಿ ಮಾತಾಡುತ್ತಾ ಮರೆತು ಆಮೇಲೆ ಒತ್ತಿದೆ. ಒಂದು ಸಂಜೆ ಸ್ಪ್ರಿಂಗು ಎರಡು ನಿಮಿಷ ಚಾಪೆ ಬಿಟ್ಟು ಅಲ್ಲಾಡಲಿಲ್ಲ. ಭಾವ ಬಾಗಿಲಲ್ಲೇ ನಿಂತು, "ನನ್ನ ಕೈಲಿ ಇದು ಆಗ್ತಿರಲಿಲ್ಲ ಕಣೇ" ಎಂದರು. ಅಕ್ಕನ ಮದುವೆಯಾದಾಗಿನಿಂದ ಅವರು ನನ್ನನ್ನು ಹೊಗಳಿದ್ದು ಅದೊಂದೇ ಸಲ.

ಅಕ್ಕ ಬರುವ ದಿನ ಬಂತು. ಮಗಳು ಒಳಗೆ ಬಂದವಳೇ ಗೋಡೆಯ ಪಕ್ಕ ನಿಂತಳು, ಕೈಯಲ್ಲಿ ನಾಯಿಯ ಬೆಲ್ಟು. ತೋಟದ ಮನೆಯವರ ವ್ಯಾನು ಹೊರಗೆ ನಿಂತಿತ್ತು. ಬೆಲ್ ಆದಾಗಲೇ ಸ್ಪ್ರಿಂಗು ಚಾಪೆಗೆ ಓಡಿ ಕೂತಿತ್ತು. ಆರು ವಾರದ ಮೇಲೆ ಅಕ್ಕನನ್ನು ನೋಡಿ ಅದರ ಮೈಯೆಲ್ಲ ನಡುಗುತ್ತಿತ್ತು, ಕುಂಯ್ ಕುಂಯ್ ಎನ್ನುತ್ತಿತ್ತು, ಆದರೂ ಏಳಲಿಲ್ಲ. ನಾನು ಒತ್ತಿದೆ. ತಿಂದು ಮತ್ತೆ ಕೂತಿತು.

ಅಕ್ಕ ಮಾತ್ರ ಹೊಸ್ತಿಲು ದಾಟಲಿಲ್ಲ.

"ಬಾರೇ" ಎಂದೆ. ವಾಕರ್ ಹಿಡಿದ ಅವಳ ಬೆರಳುಗಳು ಬಿಳಿಚಿದ್ದವು. ಕಣ್ಣು ನಾಯಿಯ ಮೇಲೆ. "ಭಯ ಆಗ್ತಿದೆ" ಎಂದಳು. ದಿನಾ ಅದರ ಊಟ ವಿಚಾರಿಸಿದವಳು! ಆರು ವಾರ ನಾವು ನಾಯಿಯ ಬಗ್ಗೆಯೇ ಯೋಚಿಸಿದ್ದೆವು, ಇವಳು ಹೆದರಿರಬಹುದು ಎಂದು ಒಬ್ಬರಿಗೂ ಹೊಳೆದಿರಲಿಲ್ಲ. ಮಗಳು ಬೆಲ್ಟು ಹಿಡಿದು ಚಾಪೆಯ ಕಡೆ ಹೆಜ್ಜೆ ಇಟ್ಟಳು.

ಭಾವ ನನ್ನ ಕೈಯಿಂದ ರಿಮೋಟ್ ಕಿತ್ತುಕೊಂಡು ಹೋಗಿ ಅಕ್ಕನ ಬೆರಳ ನಡುವೆ ಇಟ್ಟರು. "ನೀನೇ ಒತ್ತು. ಅದು ಅಲ್ಲೇ ಇರುತ್ತೆ, ನೋಡು."

ಅಕ್ಕ ಒತ್ತಿದಳು. ಪೀಂ. ನಾಯಿ ತಿಂದು, ಕೂತು, ಅವಳನ್ನು ನೋಡಿತು. ಅಕ್ಕ ಒಂದು ಹೆಜ್ಜೆ ಒಳಗಿಟ್ಟಳು. ಮತ್ತೆ ಒತ್ತಿದಳು, ಮತ್ತೊಂದು ಹೆಜ್ಜೆ. ನಡುವೆ ನಿಂತು ಉಸಿರು ತಗೊಂಡಳು. ಭಾವ ಹಿಂದೆಯೇ ಎರಡೂ ಕೈ ಚಾಚಿಕೊಂಡು ನಡೆದರು, ಮುಟ್ಟಲಿಲ್ಲ. ಅವರ ಕಣ್ಣಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲೂ ಇಲ್ಲ. ಕುರ್ಚಿ ತಲುಪುವ ಹೊತ್ತಿಗೆ ಡಬ್ಬಿಯಲ್ಲಿ ಬಿಸ್ಕತ್ತು ಮುಗಿದಿತ್ತು. ಅಕ್ಕ ಒತ್ತಿದರೆ ಬರೀ ಪೀಂ ಎಂದಿತು, ಏನೂ ಬೀಳಲಿಲ್ಲ. ಸ್ಪ್ರಿಂಗು ಕೂತೇ ಇತ್ತು.

ಅಕ್ಕ ಕುರ್ಚಿಯಲ್ಲಿ ಕೂತು, ರಿಮೋಟನ್ನು ಪಕ್ಕಕ್ಕಿಟ್ಟು, ಕೈ ಚಾಚಿ, "ಬಾ ಕಂದಾ" ಎಂದಳು. ಅದು ಹಾರಲಿಲ್ಲ. ನಡೆದು ಬಂದು ಅವಳ ತೊಡೆಯ ಮೇಲೆ ಗದ್ದ ಇಟ್ಟಿತು. ಅಕ್ಕ ಅದರ ಕಿವಿ ಸವರುತ್ತಾ, ತಲೆ ಎತ್ತದೆಯೇ ಮಗಳಿಗೆ ಹೇಳಿದಳು:

"ಆ ಬೆಲ್ಟು ಮೊಳೆಗೆ ನೇತುಹಾಕಮ್ಮ. ವ್ಯಾನಿನವರು ಪಾಪ ಕಾಯ್ತಿದ್ದಾರೆ, ಹೋಗಿ ಅಂತ ಹೇಳು."