ಅಕ್ಕನ ಭಾನುವಾರದ ಬಾಗಿಲು

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದು ಹಿರಿಯರು ಹೇಳಿ ಕೈ ತೊಳೆದುಕೊಂಡರು. ನಮ್ಮಕ್ಕನನ್ನು ಕಂಡಿದ್ದರೆ ‘ಮನೆ ತೋರಿಸಿ ನೋಡು’ ಎಂದು ಇನ್ನೊಂದನ್ನೂ ಸೇರಿಸುತ್ತಿದ್ದರು. ಅಕ್ಕ ಮನೆ ಮಾರಿಸುವ ಏಜೆಂಟ್, ನಾನು ದರ್ಜಿ. ಅವಳ ಕೈಯಲ್ಲಿ ಸದಾ ಬೇರೆಯವರ ಮನೆಯ ಬೀಗದ ಕೈಗೊಂಚಲು, ನನ್ನ ಕೊರಳಲ್ಲಿ ಸದಾ ಅಳತೆಯ ಟೇಪು. ನಾವಿಬ್ಬರೂ ಅಮ್ಮನ ಜೊತೆ ಇರುವುದು ಮಾತ್ರ ಬಾಡಿಗೆಯ ಮಹಡಿಯಲ್ಲಿ. “ಊರಿಗೆಲ್ಲ ಮನೆ ಮಾಡಿಕೊಡ್ತೀಯ, ನಮಗೊಂದಿಲ್ಲ” ಎಂದು ನಾನು ಚುಚ್ಚಿದರೆ, “ಊರಿಗೆಲ್ಲ ಹೊಲಿದುಕೊಡ್ತೀಯ, ನಿನ್ನ ತೋಳಿನ ಗುಂಡಿ ಕಿತ್ತಿದೆ ನೋಡ್ಕೋ” ಎಂದು ಅವಳು ತಿರುಗಿಸುತ್ತಾಳೆ. ಮಾತಿನಲ್ಲಿ ಅವಳನ್ನು ಗೆದ್ದವರಿಲ್ಲ.

ಅವಳಿಗೆ ಒಂದೇ ಹುಚ್ಚು, ಓಪನ್ ಹೌಸ್. ಮಾರಾಟಕ್ಕಿರುವ ಮನೆಯ ಬಾಗಿಲನ್ನು ಭಾನುವಾರ ಬೆಳಗ್ಗೆ ಹಾರು ಹೊಡೆದು, ಬೀದಿಯಲ್ಲಿ ಬಾಣದ ಬೋರ್ಡುಗಳನ್ನಿಟ್ಟು ಕೂರುವುದು. ಯಾರು ಬೇಕಾದರೂ ಬರಬಹುದು, ನೋಡಬಹುದು, ಹೋಗಬಹುದು. ಫೋನ್ ಮಾಡಿ ಸಮಯ ಕೇಳಬೇಕಿಲ್ಲ, ಯಾರೆಂದು ಹೇಳಬೇಕಿಲ್ಲ. ಬಾಗಿಲ ಬಳಿ ನಿಂತು ಬಂದವರಿಗೆ ನೀರು ಕೊಡುವ ಕೆಲಸ ನನ್ನದು. ಬಿಟ್ಟಿ ಚಾಕರಿ. ಭಾನುವಾರ ಒಂದು ದಿನ ಮಲಗೋಣವೆಂದರೆ ಅದಕ್ಕೂ ಕಲ್ಲು.

ಬರುವವರಾದರೂ ಎಂಥವರು? ಪಕ್ಕದ ಮನೆಯವರು, ಅವರ ಪಕ್ಕದ ಮನೆಯವರು, ಬಿಸಿಲಿಗೆ ನೆರಳು ಬೇಕಾದವರು. ಎಲ್ಲರೂ ಕಪಾಟು ತೆರೆದು, ನಲ್ಲಿ ತಿರುಗಿಸಿ, “ಮನೇಲಿ ಮಾತಾಡಿ ತಿಳಿಸ್ತೀವಿ” ಎಂದು ಅಡ್ಡಗೋಡೆಯ ಮೇಲೆ ದೀಪವಿಟ್ಟು ನಡೆಯುತ್ತಿದ್ದರು. ಹೋದ ಪುಟ್ಟ, ಬಂದ ಪುಟ್ಟ. ಕಚೇರಿಯ ಉಳಿದ ಏಜೆಂಟರು ನಗುತ್ತಿದ್ದರು. ಅವರ ಪ್ರಕಾರ ನಿಜವಾದ ಗಿರಾಕಿ ಫೋನ್ ಮಾಡಿಕೊಂಡು ಬರುತ್ತಾನೆ, ಓಪನ್ ಹೌಸಿಗೆ ಬರುವವನು ಹೊತ್ತು ಕಳೆಯಲು ಬರುತ್ತಾನೆ. ನನಗೂ ಹಾಗೇ ಅನ್ನಿಸುತ್ತಿತ್ತು, ಅದನ್ನು ಅಕ್ಕನ ಮುಖಕ್ಕೇ ಹೇಳುತ್ತಿದ್ದೆ.

ತಪ್ಪದೆ ಬರುವ ಗಿರಾಕಿ ಒಬ್ಬರಿದ್ದರು, ನಮ್ಮಮ್ಮ. ಇದ್ದುದರಲ್ಲೇ ಒಳ್ಳೆಯ ಬಟ್ಟೆ ಉಟ್ಟು, ಬಸ್ಸು ಹಿಡಿದು, ಬಾಣಗಳನ್ನು ನೋಡಿಕೊಂಡು ಬರುವರು. ನಾವು ಕರೆದೊಯ್ಯುತ್ತೇವೆಂದರೆ ಬೇಡ. “ನೋಡೋರು ನೋಡೋರ ಥರಾನೇ ಬರಬೇಕು” ಎನ್ನುವರು. ಬಂದು, ನಮ್ಮ ಪರಿಚಯವೇ ಇಲ್ಲದವರಂತೆ ಗೋಡೆ ತಟ್ಟಿ, ಕಿಟಕಿಯ ಚಿಲಕ ಎಳೆದು, ಅಡುಗೆಮನೆಯಲ್ಲಿ ನಿಂತು ಕಣ್ಣು ಮುಚ್ಚಿ, ಎಲ್ಲಿ ಏನಿಡಬಹುದೆಂದು ಯೋಚಿಸುವರು.

ಅದಕ್ಕೆ ಕಾರಣವಿದೆ. ನಾವು ಚಿಕ್ಕವರಿದ್ದಾಗ ಅಮ್ಮ ನಮ್ಮಿಬ್ಬರ ಕೈ ಹಿಡಿದು ಮನೆ ಹುಡುಕಿಕೊಂಡು ಬೀದಿ ಬೀದಿ ತಿರುಗುತ್ತಿದ್ದರು. ಗೇಟಿನ ಬಳಿಯೇ ಯಾರೋ ನಮ್ಮ ಚಪ್ಪಲಿಯಿಂದ ತಲೆಯವರೆಗೆ ಕಣ್ಣಾಡಿಸಿ, “ಇದು ನಿಮಗಾಗಲ್ಲಮ್ಮ” ಎಂದುಬಿಡುವರು. “ಒಂದ್ಸಲ ನೋಡ್ತೀನಿ ಅಷ್ಟೆ” ಎಂದು ಅಮ್ಮ ಕೇಳುವರು. “ಕೊಳ್ಳೋದಿಲ್ಲ ಅಂದ್ಮೇಲೆ ನೋಡೋದೇನು?” ಎಂಬ ಉತ್ತರದೊಂದಿಗೆ ಗೇಟು ಮುಚ್ಚುತ್ತಿತ್ತು. ನನಗೆ ಅದರಿಂದ ಸಿಟ್ಟು ಬಂತು, ಇನ್ನೂ ಇಳಿದಿಲ್ಲ. ಅಕ್ಕನಿಗೆ ಅದರಿಂದ ಈ ಉದ್ಯೋಗ ಬಂತು.

ಆ ವಾರ ಕಚೇರಿಯ ಯಜಮಾನರು ಅಕ್ಕನನ್ನು ಕರೆದು ಕಡ್ಡಿ ತುಂಡು ಮಾಡಿದಂತೆ ಹೇಳಿದ್ದರು: “ನೋಡಿ, ನಿಮ್ಮ ಓಪನ್ ಹೌಸಿಂದ ಈವರೆಗೆ ಒಂದು ಮನೆಯೂ ಹೋಗಿಲ್ಲ. ಈ ಭಾನುವಾರ ಕೊನೇದು. ಇದೂ ಹೀಗೇ ಆದ್ರೆ ಸೋಮವಾರದಿಂದ ನೀವು ಕಚೇರಿಯಲ್ಲಿ ಫೋನ್ ಹತ್ರ ಕೂತ್ಕೊಳ್ಳಿ. ಬೀಗದ ಕೈ ಬೇರೆಯವರು ನೋಡ್ಕೋತಾರೆ.”

ಅಕ್ಕ ಮನೆಗೆ ಬಂದು ಕೈಗೊಂಚಲನ್ನು ಮೇಜಿನ ಮೇಲಿಟ್ಟು ಅದನ್ನೇ ನೋಡುತ್ತ ಕುಳಿತಳು. ಅಂಥ ಗಟ್ಟಿಗಿತ್ತಿಯ ಕಣ್ಣಲ್ಲಿ ನೀರಿತ್ತು. “ಫೋನಲ್ಲಿ ನಾನೂ ಅದನ್ನೇ ಮಾಡ್ಬೇಕು ಕಣೆ. ಸಂಬಳ ಎಷ್ಟು, ಕೆಲಸ ಏನು, ನಿಮಗಾಗುತ್ತಾ ಆಗಲ್ವಾ ಅಂತ ಕೇಳಿ, ಜರಡಿ ಹಿಡಿದು, ಉಳಿದೋರಿಗೆ ಮಾತ್ರ ಮನೆ ತೋರಿಸ್ಬೇಕು. ಗೇಟಲ್ಲಿ ನಿಂತಿರ್ತಿದ್ರಲ್ಲ, ಅವರ ಕೆಲಸ” ಎಂದಳು. ಅಮ್ಮ ಭಾನುವಾರಕ್ಕೆ ಉಡುವ ಬಟ್ಟೆಯನ್ನು ತೆಗೆದು ಇಸ್ತ್ರಿ ಮಾಡತೊಡಗಿದರು.

ಆ ಕೊನೆಯ ಮನೆಯೋ, ಯಾರ ಕಣ್ಣಿಗೂ ಬೀಳದಂಥದ್ದು. ಬಸ್ ನಿಲ್ದಾಣದಿಂದ ಬರುವ ರಸ್ತೆ ಒಂದು ಕಡೆ ಕವಲೊಡೆಯುತ್ತದೆ. ಎಡಗಡೆಯ ಓಣಿಯ ತುದಿಯಲ್ಲಿ ಅದು ಕುಳಿತಿತ್ತು. ಒಂದೇ ಅಂತಸ್ತು, ಸಣ್ಣ ಅಂಗಳ, ಹಿಂದೆ ಒಂದು ನಿಂಬೆ ಗಿಡ. ಮಹಡಿಯಿಲ್ಲವೆಂದು ಫೋನಿನಲ್ಲೇ ಎಲ್ಲರೂ ಮೂಗು ಮುರಿದಿದ್ದರು.

ಬೋರ್ಡು ಇಡುವುದಕ್ಕೆ ಅಕ್ಕನದೇ ಒಂದು ಕ್ರಮವಿದೆ. ಅವಳ ಬಳಿ ಎರಡು ಬಗೆಯ ಬೋರ್ಡುಗಳಿವೆ, ಎಡಕ್ಕೆ ಬಾಣವಿರುವವು, ಬಲಕ್ಕೆ ಬಾಣವಿರುವವು. ಅವನ್ನು ಹೊತ್ತು ಬಸ್ ನಿಲ್ದಾಣದಿಂದ ಮನೆಯ ಕಡೆಗೆ, ಬರುವವರು ನಡೆಯುವಂತೆಯೇ ನಡೆಯುತ್ತ ಇಡುತ್ತ ಬರುತ್ತಾಳೆ. ಅಂದು ಮಾತ್ರ ಗಡಿಬಿಡಿಯಲ್ಲಿ ಮೊದಲು ಮನೆಗೇ ಹೋಗಿ ಗುಡಿಸಿ ಒರೆಸಿದಳು. ಆಮೇಲೆ ಮನೆಯಿಂದ ನಿಲ್ದಾಣದ ಕಡೆಗೆ ಬೋರ್ಡು ಇಡುತ್ತ ಹೋದಳು. ಕವಲಿನಲ್ಲಿ ನಿಲ್ದಾಣಕ್ಕೆ ಮುಖ ಮಾಡಿ ನಿಂತಾಗ ಮನೆಯ ಓಣಿ ಅವಳ ಬಲಗೈ ಕಡೆಗಿತ್ತು. ಬಲ ಬಾಣದ ಬೋರ್ಡು ತೆಗೆದಳು, ಬರುವವರಿಗೆ ಕಾಣುವಂತೆ ನೆಟ್ಟಳು. ಬರುವವರಿಗೆ ಅದು ಎಡವಾಗಬೇಕಿತ್ತು ಎಂಬುದು ಅವಳಿಗೆ ಹೊಳೆಯಲೇ ಇಲ್ಲ. ನಾನೂ ತಲೆ ಕೆಟ್ಟಾಗ ಒಂದೇ ಅಂಗಿಗೆ ಎರಡು ಎಡ ತೋಳು ಕತ್ತರಿಸಿದ್ದುಂಟು. ಆದರೆ ನನ್ನ ತಪ್ಪಿಗೆ ಹೋಗುವುದು ಒಂದು ಬಟ್ಟೆ. ಅವಳ ತಪ್ಪು ಊರಿನ ಜನರನ್ನೆಲ್ಲ ಬಲಗಡೆಯ ಓಣಿಗೆ ಕಳಿಸಿತು.

ನಾವಿಬ್ಬರೂ ಕಾಯುತ್ತ ಕುಳಿತೆವು. ಒಂದು ನರಪಿಳ್ಳೆಯೂ ಬರಲಿಲ್ಲ. ಪಕ್ಕದ ಮನೆಯವರೂ ಇಲ್ಲ, ನೆರಳು ಬೇಕಾದವರೂ ಇಲ್ಲ. ಎಲ್ಲಕ್ಕಿಂತ ಹೆಚ್ಚಾಗಿ, ಅಮ್ಮನೂ ಇಲ್ಲ. “ಅಮ್ಮನಿಗೂ ಬೇಜಾರಾಯ್ತೇನೋ” ಎಂದಳು ಅಕ್ಕ. ನಾನು ಜೋಡಿಸಿದ್ದ ಲೋಟಗಳನ್ನೇ ಮತ್ತೆ ಜೋಡಿಸಿದೆ.

ಅಷ್ಟರಲ್ಲಿ ಯಜಮಾನರು ಕಾರಿನಲ್ಲಿ ಬಂದರು. ಅವರಿಗೆ ಬೋರ್ಡು ಬೇಕಿರಲಿಲ್ಲ, ಮನೆ ಗೊತ್ತಿತ್ತು. ಖಾಲಿ ಹಜಾರ ನೋಡಿದರು, ತುಂಬಿದ ನೀರಿನ ಲೋಟಗಳನ್ನು ನೋಡಿದರು. ಕೆಟ್ಟ ಮನುಷ್ಯರಲ್ಲ, ದನಿ ತಗ್ಗಿಸಿಯೇ ಹೇಳಿದರು: “ನಾನು ಹೇಳಿದ್ದೆ ಅಲ್ವಾ? ಬೀಗದ ಕೈ ಕೊಡಿ.”

ಅಕ್ಕ ಗೊಂಚಲು ಬಿಚ್ಚುತ್ತಿದ್ದಳು. ಆಗ ಓಣಿಯಲ್ಲಿ ಗದ್ದಲ ಕೇಳಿತು. ಹೊರಗೆ ನೋಡಿದರೆ ಮೆರವಣಿಗೆ! ಮುಂದೆ ಊರುಗೋಲು ಹಿಡಿದ, ಎತ್ತರದ, ಬಿಳಿ ಕೂದಲಿನ ಹೆಂಗಸು. ಅವರ ಇನ್ನೊಂದು ಕೈಯಲ್ಲಿ, ಕಳ್ಳನನ್ನು ಹಿಡಿದಂತೆ ಹಿಡಿದ ನಮ್ಮಮ್ಮನ ತೋಳು. ಹಿಂದೆ ಏಳೆಂಟು ಜನ.

“ಇವರು ಯಾರಮ್ಮ? ನಿಮ್ಮೋರಾ?” ಎಂದು ಆಕೆ ಅಂಗಳದಿಂದಲೇ ಗುಡುಗಿದರು.

“ನಮ್ಮಮ್ಮ” ಎಂದಳು ಅಕ್ಕ.

ಆಮೇಲೆ ತಿಳಿದದ್ದು ಇಷ್ಟು. ಆಕೆ ಆಸ್ಪತ್ರೆಯ ಕೆಲಸದಿಂದ ನಿವೃತ್ತರಾದ ನರ್ಸು, ಬಲಗಡೆಯ ಓಣಿಯ ಕೊನೆಯ ಮನೆ ಅವರದು. ಅಂದು ನೆಲ ತೊಳೆದು, ಒಣಗಲೆಂದು ಬಾಗಿಲು ಕಿಟಕಿಗಳನ್ನೆಲ್ಲ ತೆರೆದಿಟ್ಟು, ಬಟ್ಟೆ ಹರವಲು ತಾರಸಿಗೆ ಹೋಗಿದ್ದರು. ಬಾಣ ನೋಡಿಕೊಂಡು ಬಂದ ಅಮ್ಮನಿಗೆ ಕಂಡದ್ದು ಹಾರು ಹೊಡೆದ ಬಾಗಿಲು, ಒದ್ದೆ ನೆಲ. ಥೇಟ್ ಅಕ್ಕನ ಕೆಲಸ. ಆದರೆ ಅಕ್ಕನಿಲ್ಲ, ನಾನಿಲ್ಲ. ಹಿಂದೆಯೇ ಜನ ಬರುತ್ತಿದ್ದಾರೆ. ಮಗಳ ಕೊನೆಯ ಭಾನುವಾರ ಹಾಳಾಗಬಾರದೆಂದು ಅಮ್ಮ ತಾವೇ ಬಾಗಿಲಲ್ಲಿ ನಿಂತುಬಿಟ್ಟರು. ಅಕ್ಕನ ಮಾತುಗಳೆಲ್ಲ ಅವರಿಗೆ ಬಾಯಿಪಾಠ. “ಬನ್ನಿ, ಬನ್ನಿ, ಬೆಳಕು ನೋಡಿ ಎಷ್ಟು ಚೆನ್ನಾಗಿದೆ. ಮೇಲೂ ಎರಡು ಕೋಣೆ ಇದೆ, ಹತ್ತಿ ನೋಡಿ” ಎಂದು ಬಂದವರನ್ನೆಲ್ಲ ಕಳಿಸುತ್ತಿದ್ದರು. ಮೂವರು ಮಕ್ಕಳ ಒಂದು ಕುಟುಂಬ ಮೇಲಿನ ಯಾವ ಕೋಣೆ ಯಾರಿಗೆಂದು ಜಗಳವನ್ನೂ ಶುರುಮಾಡಿತ್ತು.

ನರ್ಸಮ್ಮ ಮಂಡಿ ಹಿಡಿದುಕೊಂಡು, ಒಂದೊಂದೇ ಮೆಟ್ಟಿಲು ಇಳಿದು ಬಂದರೆ ತಮ್ಮ ಹಜಾರದ ತುಂಬ ಜನ. ಅಮ್ಮ ಅವರನ್ನೂ ನೋಡಿ ನಕ್ಕು, “ಬನ್ನಿ, ನೀವೂ ನೋಡಿ, ಸಂಕೋಚ ಬೇಡ” ಎಂದಿದ್ದಾರೆ.

“ಇದು ನನ್ನ ಮನೆ!”

“ಇಷ್ಟ ಆದ್ರೆ ಎಲ್ರೂ ಹಾಗೇ ಹೇಳೋದು. ಸ್ವಲ್ಪ ಕೂತ್ಕೊಳ್ಳಿ, ಮಗಳು ಬರ್ತಾಳೆ.”

ಮಾರಾಟಕ್ಕಿರುವ ಮನೆ ಎಡಗಡೆಯ ಓಣಿಯದೆಂದು ನರ್ಸಮ್ಮನಿಗೆ ಗೊತ್ತಿತ್ತು, ಅಮ್ಮನ ತೋಳು ಹಿಡಿದು ನೇರ ಇಲ್ಲಿಗೇ ಹೊರಟಿದ್ದರು. ಈ ಕತೆಯನ್ನು ಈಗ ನೆನೆದರೆ ಹೊಟ್ಟೆ ಹುಣ್ಣಾಗುವಷ್ಟು ನಗು ಬರುತ್ತದೆ. ಆ ಹೊತ್ತಿನಲ್ಲಿ ನಗುವ ಧೈರ್ಯ ಯಾರಿಗಿತ್ತು? ನರ್ಸಮ್ಮ ಅಂಗಳ ದಾಟಿ ಒಳಗೆ ನುಗ್ಗಿ ಬೈಯತೊಡಗಿದರು. ಬುದ್ಧಿ ಇಲ್ವಾ, ಕಣ್ಣಿಲ್ವಾ, ಎಡ ಬಲ ಗೊತ್ತಿಲ್ದೋರಿಗೆ ಈ ಕೆಲಸ ಕೊಟ್ಟೋರ್ಯಾರು ಎಂದರು. ಯಜಮಾನರು ಗೋಡೆಯ ಕಡೆ ತಿರುಗಿ ಸುಣ್ಣ ಪರೀಕ್ಷಿಸುತ್ತ ನಿಂತರು. ಅಕ್ಕ ತಲೆ ತಗ್ಗಿಸಿ, “ತಪ್ಪಾಯ್ತಮ್ಮ, ಪೂರ್ತಿ ನಂದೇ ತಪ್ಪು. ಅಮ್ಮನ್ನ ಏನೂ ಅನ್ಬೇಡಿ” ಎಂದಳು.

ನರ್ಸಮ್ಮನದು ಕೂತು ಬೈಯುವ ಜಾತಿಯಲ್ಲ, ನಡೆದಾಡುತ್ತ ಬೈಯುವ ಜಾತಿ. ಬೈಯುತ್ತ ಹಜಾರ ದಾಟಿದರು, ಬೈಯುತ್ತ ಅಡುಗೆಮನೆ ಹೊಕ್ಕರು, ಬೈಯುತ್ತ ಹಿತ್ತಲಿಗೆ ಹೋದರು. ನಿಂಬೆ ಗಿಡದ ಬಳಿ ದನಿ ನಿಂತಿತು. ಸ್ವಲ್ಪ ಹೊತ್ತಿಗೆ ಮರಳಿ ಬಂದರು. ಈ ಸಲ ನಿಧಾನವಾಗಿ, ಕಾಲ ಕೆಳಗೆ ನೋಡುತ್ತ ಬಂದರು. ಊರುಗೋಲು ಅವರ ಕಂಕುಳಲ್ಲಿತ್ತು.

“ಮೆಟ್ಟಿಲೆಲ್ಲಿ?” ಎಂದು ಕೇಳಿದರು.

“ಇಲ್ಲಮ್ಮ. ಈ ಮನೇಲಿ ಮೆಟ್ಟಿಲೇ ಇಲ್ಲ” ಎಂದಳು ಅಕ್ಕ.

“ಸ್ನಾನದ ಮನೆಗೂ?”

“ಹೊಸ್ತಿಲೂ ಇಲ್ಲ, ಬನ್ನಿ ತೋರಿಸ್ತೀನಿ.”

ನೋಡಿ ಬಂದವರೇ ಅಲ್ಲಿದ್ದ ಒಂದೇ ಕುರ್ಚಿಯಲ್ಲಿ ಕುಳಿತರು. ನಾನು ಲೋಟ ಕೊಟ್ಟೆ. ಒಂದೇ ಗುಟುಕಿಗೆ ಕುಡಿದು, ಯಾರಿಗೂ ಅಲ್ಲದಂತೆ ಹೇಳಿದರು: “ನಂದು ಮೇಲೆ ಮಲಗೋ ಕೋಣೆ. ದಿನಾ ಹತ್ತೋವಾಗ ನಾಳೆ ಹತ್ತೋಕಾಗುತ್ತೋ ಇಲ್ವೋ ಅಂದ್ಕೊಂಡೇ ಹತ್ತೋದು. ಬೇರೆ ಮನೆ ನೋಡು ಅಂತ ನನ್ನ ತಮ್ಮ ಬಡ್ಕೊಂಡ. ಯಾವ ಏಜೆಂಟಿಗೂ ಫೋನ್ ಮಾಡ್ಲಿಲ್ಲ. ಫೋನ್ ಮಾಡಿದ್ರೆ ಕೈಲಾಗಲ್ಲ ಅಂತ ಒಪ್ಕೊಂಡ ಹಾಗೆ ಅಲ್ವಾ?”

ಅಮ್ಮ ಅವರ ಪಕ್ಕ ಹೋಗಿ ನಿಂತು, ಬಹಳ ಕಾಲದ ಗೆಳತಿಯಂತೆ, “ಅಡುಗೆಮನೇಲಿ ಕಿಟಕಿ ಹತ್ರ ಒಂದು ಸ್ಟೂಲ್ ಹಾಕ್ಕೊಳ್ಳಿ. ಕೂತೇ ಹೆಚ್ಚಬಹುದು” ಎಂದರು. ನರ್ಸಮ್ಮ ಅಮ್ಮನನ್ನು ದುರುಗುಟ್ಟಿ ನೋಡಿ, ಆಮೇಲೆ ನಕ್ಕುಬಿಟ್ಟರು.

ಯಜಮಾನರು ಸುಣ್ಣ ಪರೀಕ್ಷೆ ಮುಗಿಸಿ ತಿರುಗಿದರು. ಹೊರಗೆ ಹೋಗುವಾಗ ಅಕ್ಕನಿಗೆ ಮೆಲ್ಲಗೆ, “ಇದು ಓಪನ್ ಹೌಸಿಂದ ಆದದ್ದಲ್ಲ, ನಿಮ್ಮ ತಪ್ಪಿಂದ ಆದದ್ದು” ಎಂದರು.

“ಸರ್, ಬಾಗಿಲು ಮುಚ್ಚಿದ್ರೆ ಬೈಯೋಕಾದ್ರೂ ಅವರು ಒಳಗೆ ಬರ್ತಿದ್ರಾ?” ಎಂದಳು ಅಕ್ಕ.

ಅವರು ಕಾರು ಹತ್ತಿದರು. ಬೀಗದ ಕೈಯನ್ನು ಮತ್ತೆ ಕೇಳಲಿಲ್ಲ.

ಎಲ್ಲ ಹೂವೆತ್ತಿದಂತೆ ಆಯಿತೆಂದು ತಿಳಿಯಬೇಡಿ. ನರ್ಸಮ್ಮನ ತಮ್ಮ ಏರಿಗೆಳೆದರೆ ವಕೀಲರು ನೀರಿಗೆಳೆದರು. ನರ್ಸಮ್ಮ ಎರಡು ಸಲ ಒಲ್ಲೆ ಎಂದರು, ಎರಡು ಸಲವೂ ಮಾರನೆಯ ದಿನ ನಿಂಬೆ ಗಿಡ ನೋಡಲು ಬಂದರು. ಕೊನೆಗೂ ಕೊಂಡರು. ತಮ್ಮ ಮಹಡಿ ಮನೆ ಮಾರಿಸುವ ಕೆಲಸವನ್ನು ಅಕ್ಕನಿಗೇ ಕೊಟ್ಟರು. “ಆದ್ರೆ ಬೋರ್ಡು ಇಡೋವಾಗ ನಾನು ಜೊತೇಲಿರ್ತೀನಿ” ಎಂದರು.

ಆ ಮಹಡಿ ಮನೆಯ ಓಪನ್ ಹೌಸಿನ ಬೆಳಗ್ಗೆ ಮೂವರು ಮಕ್ಕಳ ಕುಟುಂಬ ಎಲ್ಲರಿಗಿಂತ ಮೊದಲೇ ಬಂದು ಮೇಲೆ ಹತ್ತಿತ್ತು. ಕೋಣೆಯ ಜಗಳ ಬಿಟ್ಟಲ್ಲಿಂದ ಮುಂದುವರಿದಿತ್ತು. ಅಕ್ಕ ಹಜಾರದಲ್ಲಿ ಮಾತಿನಲ್ಲಿ ಮುಳುಗಿದ್ದಳು. ನಾನು ಲೋಟಗಳ ಬಳಿ ಇದ್ದೆ. ಗೇಟಿನಾಚೆ ಒಬ್ಬ ಹೆಂಗಸು ನಿಂತಿದ್ದಳು. ಗಾರೆ ಮೆತ್ತಿದ ಬಟ್ಟೆ, ಎರಡೂ ಕೈಗೆ ಒಂದೊಂದು ಹೆಣ್ಣುಮಗು. ಬೋರ್ಡು ನೋಡುವಳು, ಬಾಗಿಲು ನೋಡುವಳು, ಹೆಜ್ಜೆ ಮಾತ್ರ ಎತ್ತಲೊಲ್ಲಳು. ನಾನು ಮೂರು ಲೋಟಗಳಿಗೆ ನೀರು ತುಂಬಿದೆ.

ಅಮ್ಮ ಅವಳನ್ನು ನನಗಿಂತ ಮೊದಲೇ ಕಂಡಿದ್ದರು. ಗೇಟಿನವರೆಗೆ ಹೋದರು.

“ಸುಮ್ನೆ ನೋಡ್ತಿದ್ದೆ ಅಮ್ಮ” ಎಂದು ಆಕೆ ಹಿಂದೆ ಸರಿದಳು. “ನಾವು ಕೊಳ್ಳೋರಲ್ಲ.”

ಅಮ್ಮ ಗೇಟಿನ ಎರಡೂ ರೆಕ್ಕೆಗಳನ್ನು ಪೂರ್ತಿ ತೆರೆದರು.

“ನೋಡೋಕೆ ಕೊಳ್ಳಬೇಕಾಗಿಲ್ಲ ಕಣಮ್ಮ. ಮಕ್ಕಳನ್ನೂ ಕರ್ಕೊಂಡು ಬಾ.”